ಒಂಬತ್ತು ತಿಂಗಳ ಮಗು, ಹನ್ನೊಂದು ವಾರದಲ್ಲಿ ಉಮ್ರಾ: ಮೆನಿಂಜೊಕಾಕಲ್ ಲಸಿಕೆಯ ಒಂದು ಕೇಸ್

ಕೇಸ್ ಇಷ್ಟು. ಒಂಬತ್ತು ತಿಂಗಳು ಆಗಷ್ಟೇ ತುಂಬಿರೋ ಹೆಣ್ಣುಮಗು, ಎಂಟು ಕೆಜಿ ತೂಕ, ಒಂದೆರಡು ಸಲ ನೆಗಡಿ ಬಿಟ್ರೆ ಇಲ್ಲಿವರೆಗೆ ಏನೂ ತೊಂದರೆ ಇಲ್ಲ. ಬೆಂಗಳೂರು ಸೌತ್ ಕಡೆಯ ಕುಟುಂಬ, ಅಮ್ಮ ಹೈಸ್ಕೂಲಲ್ಲಿ ಗಣಿತ ಟೀಚರ್, ಅಪ್ಪಂದು ಪ್ರಿಂಟಿಂಗ್ ಕೆಲಸ, ಜೊತೇಲಿ ಅಜ್ಜಿ. ಹನ್ನೊಂದು ವಾರಕ್ಕೆ ಎಲ್ಲರೂ ಉಮ್ರಾಗೆ (ಮೆಕ್ಕಾ ಯಾತ್ರೆ) ಹೊರಡ್ತಿದಾರೆ, ಟಿಕೆಟ್ ಆಗಿದೆ, ಮಗೂನೂ ಕರ್ಕೊಂಡು ಹೋಗ್ತಾರೆ. ಟ್ರಾವೆಲ್ಸ್‌ನವರು ಹೇಳಿದ್ದು, ದೊಡ್ಡವರೆಲ್ಲ ಮೆನಿಂಜೈಟಿಸ್ ಇಂಜೆಕ್ಷನ್ ಹಾಕಿಸ್ಕೊಂಡು ಸರ್ಟಿಫಿಕೇಟ್ ತನ್ನಿ, ಮಗುಗೆ ಒಂದು ವರ್ಷ ಆಗಿಲ್ಲ ಅಲ್ವಾ, ಅದಕ್ಕೆ ಬೇಡ ಅಂತ. ಅಪ್ಪ ಅದನ್ನೇ ನನ್ನ ಹತ್ರ ಕನ್ಫರ್ಮ್ ಮಾಡ್ಕೊಳೋಕೆ ಬಂದಿದ್ರು. (ಕುಟುಂಬದ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ಒಂದೆರಡು ವಿವರ ಬದಲಾಯಿಸಿದೀನಿ.)

ಟ್ರಾವೆಲ್ಸ್‌ನವರು ಹೇಳಿದ್ದು ಸುಳ್ಳಲ್ಲ. ಸೌದಿ ಸರ್ಕಾರ ಹಜ್ ಮತ್ತು ಉಮ್ರಾಗೆ ಬರೋರಲ್ಲಿ ಒಂದು ವರ್ಷ ದಾಟಿದ ಎಲ್ಲರಿಗೂ ಮೆನಿಂಜೊಕಾಕಸ್ ಅನ್ನೋ ಬ್ಯಾಕ್ಟೀರಿಯಾದ (ಮೆದುಳಿನ ಪೊರೆಗೂ ರಕ್ತಕ್ಕೂ ಸೋಂಕು ತರೋದು) ಎ, ಸಿ, ಡಬ್ಲ್ಯೂ, ವೈ ಈ ನಾಲ್ಕೂ ಗುಂಪಿನ ಲಸಿಕೆ ಕೇಳುತ್ತೆ, ಅಲ್ಲಿ ಇಳಿಯೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು, ಕಾಂಜುಗೇಟ್ ಲಸಿಕೆ ಆದ್ರೆ 5 ವರ್ಷ ನಡೆಯುತ್ತೆ, ಹಳೇ ಪಾಲಿಸ್ಯಾಕರೈಡ್ ಆದ್ರೆ 3 ವರ್ಷ (ಇವೆರಡರ ವ್ಯತ್ಯಾಸ ಮುಂದೆ ಹೇಳ್ತೀನಿ). ನಮ್ಮ ಮಗು ಪ್ರಯಾಣದ ದಿನ ಹನ್ನೊಂದೂವರೆ ತಿಂಗಳಿನದ್ದು. ಕಾಗದದ ಪ್ರಕಾರ ಬೇಡ. ಆದರೆ ಮೆನಿಂಜೊಕಾಕಸ್ ಕಾಯಿಲೆ ಅತಿ ಹೆಚ್ಚು ಬರೋ ವಯಸ್ಸೇ ಇದು, ಒಂದು ವರ್ಷದ ಆಸುಪಾಸು. ಸರ್ಟಿಫಿಕೇಟ್ ಬೇಕಾ ಅನ್ನೋದು ಏರ್‌ಪೋರ್ಟ್ ಪ್ರಶ್ನೆ, ಲಸಿಕೆ ಬೇಕಾ ಅನ್ನೋದು ಮಗುವಿನ ರಕ್ತದಲ್ಲಿ ಏನಿದೆ ಏನಿಲ್ಲ ಅನ್ನೋ ಪ್ರಶ್ನೆ, ಇವೆರಡೂ ಒಂದೇ ಅಂದ್ಕೊಂಡಿರೋ ತಂದೆತಾಯಿ ತುಂಬಾ ಜನ ಸಿಗ್ತಾರೆ ಅದಕ್ಕೇ ಈ ಕೇಸ್ ಪೂರ್ತಿ ಬರೀತಿದೀನಿ.

ರಕ್ತದಲ್ಲಿ ಏನಿಲ್ಲ ಅನ್ನೋದು ಮೊದಲು. 1969ರಲ್ಲಿ ಗೋಲ್ಡ್‌ಶ್ನೈಡರ್, ಗಾಟ್ಶ್ಲಿಕ್, ಆರ್ಟನ್‌ಸ್ಟೈನ್ ಅಂತ ಅಮೆರಿಕದ ಸೈನ್ಯದ ಸಂಶೋಧಕರು ಒಂದು ಕೆಲಸ ಮಾಡಿದ್ರು, ಬೇರೆ ಬೇರೆ ವಯಸ್ಸಿನವರ ರಕ್ತದ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ತಿಳಿ ದ್ರವ) ತಗೊಂಡು ಅದು ಜೀವಂತ ಮೆನಿಂಜೊಕಾಕಸ್‌ನ ಕೊಲ್ಲುತ್ತಾ ಇಲ್ವಾ ನೋಡಿದ್ರು. ಹುಟ್ಟಿದ ಮಗುವಿನ ಸೀರಮ್ ಚೆನ್ನಾಗೇ ಕೊಲ್ಲುತ್ತೆ, ಯಾಕಂದ್ರೆ ಗರ್ಭದಲ್ಲಿದ್ದಾಗ ತಾಯಿಯಿಂದ ಬಂದ ಐಜಿಜಿ ಆ್ಯಂಟಿಬಾಡಿ ಇರುತ್ತೆ. ತಿಂಗಳು ಕಳೆದಂತೆ ಅದು ಕರಗುತ್ತೆ. ಆರು ತಿಂಗಳಿಂದ ಎರಡು ವರ್ಷದ ನಡುವೆ ತಳ ಮುಟ್ಟುತ್ತೆ, ಕಾಯಿಲೆ ಅತಿ ಹೆಚ್ಚು ಇರೋದೂ ಸರಿಯಾಗಿ ಅದೇ ವಯಸ್ಸಲ್ಲಿ. ಆಮೇಲೆ ಮಗು ಬೆಳೀತಾ ಗಂಟಲಲ್ಲಿ ಅಪಾಯ ಇಲ್ಲದ ಇದೇ ಜಾತಿಯ ಬ್ಯಾಕ್ಟೀರಿಯಾಗಳು ಬಂದು ಹೋಗಿ ನಿಧಾನಕ್ಕೆ ಸ್ವಂತ ಆ್ಯಂಟಿಬಾಡಿ ಏರುತ್ತೆ. ಅಂದ್ರೆ ನಮ್ಮ ಮಗು ತಾಯಿಯಿಂದ ಬಂದಿದ್ದು ಮುಗಿದು ಸ್ವಂತದ್ದು ಇನ್ನೂ ಶುರುವಾಗದ ಜಾಗದಲ್ಲಿ ಇದೆ. ಈ ತಾಯಿಗಂತೂ ಯಾವತ್ತೂ ಈ ಲಸಿಕೆ ಆಗಿರಲಿಲ್ಲ, ಹಾಗಾಗಿ ಮಗುಗೆ ಬಂದಿದ್ದೂ ಕಮ್ಮಿನೇ ಇರಬೇಕು.

ಇನ್ನು ಅಲ್ಲಿನ ಅಪಾಯ. 1987ರಲ್ಲಿ ಹಜ್ ಜೊತೆ ಎ ಗುಂಪಿನ ಔಟ್‌ಬ್ರೇಕ್ ಆಯ್ತು, 2000 ಮತ್ತು 2001ರಲ್ಲಿ ಡಬ್ಲ್ಯೂ ಗುಂಪು ಯಾತ್ರಿಕರ ಜೊತೆ ಬೇರೆ ಬೇರೆ ದೇಶಕ್ಕೆ ಹೋಯ್ತು, ನಾಲ್ಕು ಗುಂಪಿನ ಲಸಿಕೆ ಕಡ್ಡಾಯ ಆಗಿದ್ದೇ ಅದರ ನಂತರ. ಹಳೇ ಕಥೆ ಅಂದ್ಕೋಬೇಡಿ, 2024ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಡಾಕ್ಟರುಗಳಿಗೆ ಅಲರ್ಟ್ ಕಳಿಸ್ತು, ಸೌದಿ ಪ್ರಯಾಣಕ್ಕೆ ಸಂಬಂಧಪಟ್ಟ 12 ಕೇಸ್, ಹೆಚ್ಚಿನವರು ಉಮ್ರಾಗೆ ಹೋಗಿ ಬಂದವರು, ಅಮೆರಿಕ ಫ್ರಾನ್ಸ್ ಬ್ರಿಟನ್ ಮೂರು ದೇಶದಲ್ಲಿ. ಅದರಲ್ಲಿ 10 ಡಬ್ಲ್ಯೂ ಗುಂಪು. ಇಬ್ಬರು ಪ್ರಯಾಣವೇ ಮಾಡಿರಲಿಲ್ಲ, ಹೋಗಿ ಬಂದವರ ಜೊತೆ ಇದ್ದರು ಅಷ್ಟೇ. ಲಸಿಕೆ ಆಗಿದೆಯೋ ಇಲ್ವೋ ಅಂತ ಗೊತ್ತಾದ 9 ಜನರಲ್ಲಿ ಒಬ್ಬರಿಗೂ ಆಗಿರಲಿಲ್ಲ. ಇಬ್ಬರು ಮನೇಲೇ ಇದ್ದವರು ಅನ್ನೋದನ್ನ ನಾನು ಅಪ್ಪನಿಗೆ ಎರಡು ಸಲ ಹೇಳಿದೆ, ಯಾಕಂದ್ರೆ ಮಗೂನ ಬೆಂಗಳೂರಲ್ಲೇ ಬಿಟ್ಟು ಹೋದ್ರೆ ಹೇಗೆ ಅಂತ ಅವರು ಕೇಳ್ತಿದ್ರು. ಬಿಟ್ಟು ಹೋಗಬಹುದು, ಅಪಾಯ ಕಮ್ಮಿನೂ ಆಗುತ್ತೆ, ಆದರೆ ಹಾಲು ಕುಡಿಯೋ ಮಗೂನ ತಾಯಿಯಿಂದ ಎರಡು ವಾರ ದೂರ ಇಡೋದು, ವಾಪಸ್ ಬಂದವರು ಗಂಟಲಲ್ಲಿ ಏನು ಹೊತ್ಕೊಂಡು ಬರ್ತಾರೋ ಆ ಲೆಕ್ಕ, ಇದನ್ನೆಲ್ಲ ಸೇರಿಸಿದ್ರೆ ಅದು ಸುಲಭದ ದಾರಿ ಏನಲ್ಲ. ಅಮ್ಮ ಒಪ್ಪಲೂ ಇಲ್ಲ.

ಹಾಕಿಸೋಣ ಅಂತಾಯ್ತು. ಅಲ್ಲಿಂದ ನಿಜವಾದ ಚರ್ಚೆ ಶುರು, ಯಾಕಂದ್ರೆ ನಾನು ಎರಡು ಡೋಸ್ ಅಂದೆ. ನಮ್ಮಲ್ಲಿ ಹಾಕೋ ಮೆನಾಕ್ಟ್ರಾ ಅನ್ನೋ ಲಸಿಕೆ 9ರಿಂದ 23 ತಿಂಗಳ ಮಗುಗೆ ಎರಡು ಡೋಸ್, ಮೂರು ತಿಂಗಳ ಅಂತರ. ಎರಡು ವರ್ಷದ ಮೇಲೆ 55ರವರೆಗೆ ಒಂದೇ ಡೋಸ್. ಅಪ್ಪ ತಕ್ಷಣ ಕೇಳಿದ್ರು, ಎಪ್ಪತ್ತು ಕೆಜಿ ಇರೋ ನನಗೆ ಒಂದು, ಎಂಟು ಕೆಜಿ ಮಗುಗೆ ಎರಡಾ, ಇದೇನು ಲೆಕ್ಕ ಅಂತ. ಡೋಸ್‌ಗೆ ಸಾವಿರಾರು ರೂಪಾಯಿ, ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಇದು ಇಲ್ಲ, ಕೈಯಿಂದ ಕೊಡಬೇಕು, ಹಾಗಾಗಿ ಕೇಳೋದು ನ್ಯಾಯವಾಗೇ ಇದೆ. ಬಹಳ ಜನ ಮನಸ್ಸಲ್ಲಿ ಅಂದ್ಕೊಂಡು ಸುಮ್ಮನಾಗ್ತಾರೆ, ಆಮೇಲೆ ಎರಡನೇ ಡೋಸ್‌ಗೆ ಬರೋದೇ ಇಲ್ಲ. ಇವರು ಕೇಳಿದ್ರು, ಅದಕ್ಕೆ ಪೂರ್ತಿ ಕೂರಿಸ್ಕೊಂಡು ಹೇಳಿದೆ.

ಈ ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆ ಸರಪಳಿಯ ಒಂದು ಹೊದಿಕೆ ಇದೆ, ಪಾಲಿಸ್ಯಾಕರೈಡ್ ಕ್ಯಾಪ್ಸೂಲ್ ಅಂತಾರೆ. ಎ, ಬಿ, ಸಿ, ಡಬ್ಲ್ಯೂ, ವೈ, ಎಕ್ಸ್ ಅಂತ ಗುಂಪು ಮಾಡೋದು ಈ ಹೊದಿಕೆ ನೋಡಿನೇ. ಹಳೇ ಲಸಿಕೆಯಲ್ಲಿ ಬರೀ ಈ ಸಕ್ಕರೆ ಇತ್ತು. ದೊಡ್ಡವರ ಬಿ ಸೆಲ್ (ಆ್ಯಂಟಿಬಾಡಿ ಮಾಡೋ ಬಿಳಿ ರಕ್ತಕಣ) ಉದ್ದ ಸಕ್ಕರೆ ಸರಪಳಿಯನ್ನ ನೇರವಾಗಿ ಹಿಡಿದು, ಟಿ ಸೆಲ್ (ಅದಕ್ಕೆ ಸಹಾಯ ಮಾಡೋ ಇನ್ನೊಂದು ಬಿಳಿ ರಕ್ತಕಣ) ಸಹಾಯ ಇಲ್ಲದೇನೇ ಆ್ಯಂಟಿಬಾಡಿ ಮಾಡುತ್ತೆ. ಈ ಕೆಲಸ ಮಾಡೋ ಬಿ ಸೆಲ್‌ಗಳು ಸ್ಪ್ಲೀನ್‌ನ (ಗುಲ್ಮದ) ಮಾರ್ಜಿನಲ್ ಝೋನ್ ಅನ್ನೋ ಜಾಗದಲ್ಲಿ ಇರ್ತವೆ, ಮಗುವಿನ ಸ್ಪ್ಲೀನ್‌ನಲ್ಲಿ ಆ ಜಾಗ ಪಕ್ವ ಆಗೋಕೆ ಹೆಚ್ಚುಕಡಿಮೆ ಎರಡು ವರ್ಷ ಬೇಕು, ಆ ಸೆಲ್‌ಗಳ ಮೇಲೆ ಇರಬೇಕಾದ ಸಿಡಿ21 ಅನ್ನೋ ರಿಸೆಪ್ಟರ್ ಕೂಡ ಕಮ್ಮಿ ಇರುತ್ತೆ. ಹಾಗಾಗಿ ಬರೀ ಸಕ್ಕರೆ ಚುಚ್ಚಿದ್ರೆ ಎರಡು ವರ್ಷದೊಳಗಿನ ಮಗುಗೆ ಅದು ಸರಿಯಾಗಿ ನಾಟೋದೇ ಇಲ್ಲ, ಎ ಗುಂಪಿಗೆ ಮಾತ್ರ ಸ್ವಲ್ಪ ಮಟ್ಟಿಗೆ ಉತ್ತರ ಕೊಡುತ್ತೆ. ಮೆಮೊರಿ, ಅಂದ್ರೆ ಮುಂದೆ ಅದೇ ಬಂದ್ರೆ ಗುರುತು ಹಿಡಿಯೋ ನೆನಪು, ಅದಂತೂ ಉಳಿಯಲ್ಲ. ಇನ್ನೂ ಕೆಟ್ಟದ್ದು ಏನಂದ್ರೆ ಸಿ ಗುಂಪಿನ ಬರೀ ಸಕ್ಕರೆ ಲಸಿಕೆ ಮತ್ತೆ ಮತ್ತೆ ಕೊಟ್ರೆ ಮುಂದಿನ ಉತ್ತರ ಏರೋ ಬದಲು ಇಳಿಯುತ್ತೆ, ಇದ್ದಬದ್ದ ಬಿ ಸೆಲ್ ಖರ್ಚಾಗಿ ಹೋಗ್ತವೆ. ಯಾರಾದ್ರೂ ಕಮ್ಮಿ ರೇಟಿಗೆ ಹಳೇ ಲಸಿಕೆ ಮಗುಗೆ ಹಾಕ್ತೀವಿ ಅಂದ್ರೆ ಬೇಡ ಅನ್ನಿ ಅಂತ ನಾನು ಹೇಳೋದು ಇದಕ್ಕೆ.

ಕಾಂಜುಗೇಟ್ ಲಸಿಕೆಯಲ್ಲಿ ಆ ಸಕ್ಕರೆಯನ್ನ ಒಂದು ಪ್ರೊಟೀನ್‌ಗೆ ಕೆಮಿಕಲ್ ಆಗಿ ಅಂಟಿಸಿರ್ತಾರೆ. ಮೆನಾಕ್ಟ್ರಾದಲ್ಲಿ ಅದು ಡಿಫ್ತೀರಿಯಾ ಟಾಕ್ಸಾಯ್ಡ್ (ವಿಷ ತೆಗೆದ ಡಿಫ್ತೀರಿಯಾ ಪ್ರೊಟೀನ್), ಬೇರೆ ಬ್ರ್ಯಾಂಡ್‌ಗಳಲ್ಲಿ ಟೆಟನಸ್ ಟಾಕ್ಸಾಯ್ಡ್ ಅಥವಾ ಸಿಆರ್‌ಎಂ197 (ಇದೂ ಡಿಫ್ತೀರಿಯಾ ಪ್ರೊಟೀನ್‌ನ ಅಪಾಯ ಇಲ್ಲದ ರೂಪ). ಸಕ್ಕರೆ ಗುರುತು ಹಿಡಿಯೋ ಬಿ ಸೆಲ್ ಅದನ್ನ ಪ್ರೊಟೀನ್ ಸಮೇತ ನುಂಗಿ, ಪ್ರೊಟೀನ್ ತುಂಡನ್ನ ಮೈಮೇಲೆ ಎತ್ತಿ ತೋರಿಸುತ್ತೆ, ಅದನ್ನ ನೋಡಿ ಟಿ ಸೆಲ್ ಬಂದು ಸಹಾಯ ಮಾಡುತ್ತೆ. ಆಗ ಲಿಂಫ್ ನೋಡ್ ಒಳಗೆ ಜರ್ಮಿನಲ್ ಸೆಂಟರ್ ಶುರುವಾಗುತ್ತೆ, ಬಿ ಸೆಲ್‌ಗಳು ಅಲ್ಲಿ ವಾರಗಟ್ಟಲೆ ಒಡೆದು, ಬದಲಾಗಿ, ಚೆನ್ನಾಗಿ ಹಿಡಿಯೋವು ಮಾತ್ರ ಉಳಿದು, ಕೆಲವು ಆ್ಯಂಟಿಬಾಡಿ ಮಾಡೋ ಪ್ಲಾಸ್ಮಾ ಸೆಲ್ ಆಗ್ತವೆ, ಕೆಲವು ಮೆಮೊರಿ ಸೆಲ್ ಆಗ್ತವೆ. ಎಳೇ ಮಗುಗೂ ಇದು ಸಾಧ್ಯ. ಆದರೆ ಮಗುವಿನಲ್ಲಿ ಈ ಜರ್ಮಿನಲ್ ಸೆಂಟರ್ ನಿಧಾನಕ್ಕೆ ಏಳುತ್ತೆ, ಸಹಾಯಕ್ಕೆ ಬರೋ ಟಿ ಸೆಲ್ ಕಮ್ಮಿ, ಹಾಗಾಗಿ ಮೊದಲ ಡೋಸ್ ನಂತರ ಆ್ಯಂಟಿಬಾಡಿ ಏರೋದು ಸ್ವಲ್ಪವೇ. ಎರಡನೇ ಡೋಸ್‌ಗೆ ಕಾಯ್ತಾ ಕೂತಿರೋ ಮೆಮೊರಿ ಸೆಲ್‌ಗಳು ಎದ್ದಾಗಲೇ ಜೋರಾಗಿ ಏರೋದು. 9 ಮತ್ತು 12 ತಿಂಗಳಿಗೆ ಕೊಟ್ಟ ಟ್ರಯಲ್‌ಗಳಲ್ಲಿ ಎರಡನೇ ಡೋಸ್ ಆಗಿ ಒಂದು ತಿಂಗಳಿಗೆ, ನಾಲ್ಕು ಗುಂಪಿನಲ್ಲೂ ಹೆಚ್ಚುಕಡಿಮೆ 86ರಿಂದ 100 ಪರ್ಸೆಂಟ್ ಮಕ್ಕಳಲ್ಲಿ ರಕ್ಷಣೆ ಕೊಡೋ ಮಟ್ಟ ಕಾಣಿಸ್ತು.

ರಕ್ಷಣೆ ಕೊಡೋ ಮಟ್ಟ ಅಂತ ಹೇಗೆ ಹೇಳ್ತಾರೆ ಅಂತ ಅಮ್ಮ ಕೇಳಿದ್ರು, ಗಣಿತ ಟೀಚರ್ ಅಲ್ವಾ. ಮಗುವಿನ ಸೀರಮ್‌ನ ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು ಅಂತ ತೆಳುಮಾಡ್ತಾ ಹೋಗ್ತಾರೆ, ಪ್ರತಿಯೊಂದಕ್ಕೂ ಲೆಕ್ಕ ಮಾಡಿದ ಜೀವಂತ ಬ್ಯಾಕ್ಟೀರಿಯಾ ಮತ್ತು ಕಾಂಪ್ಲಿಮೆಂಟ್ (ಆ್ಯಂಟಿಬಾಡಿ ಜೊತೆ ಸೇರಿ ಬ್ಯಾಕ್ಟೀರಿಯಾ ಕೊಲ್ಲೋ ರಕ್ತದ ಪ್ರೊಟೀನ್‌ಗಳು) ಹಾಕ್ತಾರೆ, ಪ್ಲೇಟ್ ಮೇಲೆ ಹರಡಿ ರಾತ್ರಿ ಇಟ್ಟು ಮಾರನೇ ದಿನ ಎಷ್ಟು ಕಾಲನಿ ಬೆಳೆದಿದೆ ಎಣಿಸ್ತಾರೆ. ಅರ್ಧ ಬ್ಯಾಕ್ಟೀರಿಯಾ ಸತ್ತಿರೋ ಕೊನೇ ತೆಳುವು ಯಾವುದೋ ಅದೇ ಟೈಟರ್. ಮನುಷ್ಯರ ಕಾಂಪ್ಲಿಮೆಂಟ್ ಬಳಸಿದ್ರೆ 4 ಪಟ್ಟು ತೆಳುಮಾಡಿದ್ರೂ ಕೊಲ್ಲಬೇಕು, ಮೊಲದ್ದು ಬಳಸಿದ್ರೆ 8 ಪಟ್ಟು. ಸೀರಮ್ ಬ್ಯಾಕ್ಟೀರಿಸೈಡಲ್ ಅಸ್ಸೇ ಅಂತ ಇದರ ಹೆಸರು. ಆ್ಯಂಟಿಬಾಡಿ ಎಷ್ಟಿದೆ ಅಂತ ಬರೀ ಅಳೆಯೋದಲ್ಲ, ಅದು ಕೆಲಸ ಮಾಡುತ್ತಾ ಅಂತ ಕಣ್ಣಾರೆ ನೋಡೋದು, ನನಗೆ ಲಸಿಕೆ ವಿಜ್ಞಾನದಲ್ಲಿ ತುಂಬಾ ಇಷ್ಟವಾಗೋ ಟೆಸ್ಟ್ ಇದು. ಇದು ರಿಸರ್ಚ್ ಲ್ಯಾಬ್ ಟೆಸ್ಟ್, ನಮ್ಮ ಮಗುಗೆ ಮಾಡಿಸಲಿಲ್ಲ, ಮಾಡಿಸೋ ಅಗತ್ಯನೂ ಇರಲಿಲ್ಲ.

ಅಪ್ಪನ ಮುಂದಿನ ಪ್ರಶ್ನೆ ಇನ್ನೂ ಚೂಪಾಗಿತ್ತು. ಮೊದಲ ಡೋಸ್‌ಗೇ ಮೆಮೊರಿ ಬರುತ್ತೆ ಅಂದ್ರಲ್ಲ, ಹಾಗಾದ್ರೆ ಬ್ಯಾಕ್ಟೀರಿಯಾ ಬಂದಾಗ ಆ ಮೆಮೊರಿನೇ ಎದ್ದು ಕೆಲಸ ಮಾಡಲ್ವಾ, ಎರಡನೇದು ಯಾಕೆ? ಹೆಪಟೈಟಿಸ್ ಬಿ ಥರದ ಕಾಯಿಲೆಗೆ ಈ ವಾದ ನಡೆಯುತ್ತೆ, ಆ ವೈರಸ್ ವಾರಗಟ್ಟಲೆ ಟೈಮ್ ತಗೊಳ್ಳುತ್ತೆ, ಅಷ್ಟರಲ್ಲಿ ಮೆಮೊರಿ ಎದ್ದು ಬರುತ್ತೆ. ಮೆನಿಂಜೊಕಾಕಸ್ ಹಾಗಲ್ಲ. ಸಾಮಾನ್ಯವಾಗಿ ಮೂರ್ನಾಲ್ಕು ದಿನದಲ್ಲಿ ಕಾಯಿಲೆ ಕಾಣಿಸುತ್ತೆ, ಒಮ್ಮೆ ರಕ್ತಕ್ಕೆ ಇಳಿದ್ರೆ ಗಂಟೆಗಳ ಲೆಕ್ಕ. ಮೆಮೊರಿ ಸೆಲ್ ಎದ್ದು ಆ್ಯಂಟಿಬಾಡಿ ಏರೋಕೆ ನಾಲ್ಕೈದು ದಿನ ಬೇಕೇ ಬೇಕು. ಅಜ್ಜಿ ಅಷ್ಟೊತ್ತೂ ಸುಮ್ಮನೆ ಕೇಳ್ತಿದ್ರು, ಅವರಿಗೆ ಹೀಗೆ ಹೇಳಿದೆ: ದೋಸೆ ಮಾಡೋದು ಗೊತ್ತಿರೋದು ಬೇರೆ, ರಾತ್ರಿನೇ ಹಿಟ್ಟು ರುಬ್ಬಿ ಇಟ್ಟಿರೋದು ಬೇರೆ, ನೆಂಟರು ಬೆಳಗ್ಗೆ ಆರಕ್ಕೇ ಬಂದು ಕೂತ್ರೆ ಗೊತ್ತಿದ್ದೂ ಪ್ರಯೋಜನ ಇಲ್ಲ. ಅಜ್ಜಿ ಮಗನ ಕಡೆ ತಿರುಗಿ, ಎರಡೂ ಹಾಕ್ಸು ಅಂದ್ರು.

ಇದು ಬರೀ ಥಿಯರಿ ಅಲ್ಲ, ಬ್ರಿಟನ್ ಇದನ್ನ ದೊಡ್ಡ ಮಟ್ಟದಲ್ಲಿ ಕಲೀತು. 1999ರ ನವೆಂಬರ್‌ನಲ್ಲಿ ಅವರು ಸಿ ಗುಂಪಿನ ಕಾಂಜುಗೇಟ್ ಲಸಿಕೆ ಶುರು ಮಾಡಿದ್ರು, ಮಕ್ಕಳಿಗೆ 2, 3, 4 ತಿಂಗಳಿಗೆ ಮೂರು ಡೋಸ್. ಮೊದಲ ವರ್ಷ ಅದ್ಭುತ ರಕ್ಷಣೆ, ಆಮೇಲೆ ನೋಡಿದ್ರೆ ಎಳೇ ವಯಸ್ಸಲ್ಲಿ ಹಾಕಿಸ್ಕೊಂಡ ಮಕ್ಕಳಲ್ಲಿ ಒಂದು ವರ್ಷ ಕಳೆದ ಮೇಲೆ ರಕ್ಷಣೆ ಉಳಿದೇ ಇರಲಿಲ್ಲ ಅನ್ನೋವಷ್ಟು ಬಿದ್ದಿತ್ತು. ಮೆಮೊರಿ ಇತ್ತು, ಆ್ಯಂಟಿಬಾಡಿ ಇರಲಿಲ್ಲ. ಅದಕ್ಕೇ 2006ರಲ್ಲಿ 12 ತಿಂಗಳಿಗೆ ಬೂಸ್ಟರ್ ಸೇರಿಸಿದ್ರು. ಅಷ್ಟಾದ್ರೂ ದೇಶದಲ್ಲಿ ಕಾಯಿಲೆ ಮತ್ತೆ ಏಳಲಿಲ್ಲ, ಯಾಕಂದ್ರೆ ದೊಡ್ಡ ಹುಡುಗ ಹುಡುಗಿಯರಿಗೂ ಹಾಕಿದ್ರು, ಅವರ ಗಂಟಲಲ್ಲಿ ಸಿ ಗುಂಪಿನ ಬ್ಯಾಕ್ಟೀರಿಯಾ ಕೂರೋದೇ ಕಮ್ಮಿ ಆಯ್ತು, ಎಳೇ ಮಕ್ಕಳಿಗೆ ಹರಡೋರೇ ಇಲ್ಲ. ಆ್ಯಂಟಿಬಾಡಿ ಯಾಕೆ ಇಷ್ಟು ಬೇಗ ಇಳಿಯುತ್ತೆ ಅನ್ನೋದಕ್ಕೆ ಜಿನೀವಾದ ಕ್ಲೇರ್-ಆ್ಯನ್ ಸೀಗ್ರಿಸ್ಟ್ ಅವರ ತಂಡ ಇಲಿಮರಿಗಳಲ್ಲಿ ಒಂದು ಕಾರಣ ತೋರಿಸಿದೆ: ಪ್ಲಾಸ್ಮಾ ಸೆಲ್‌ಗಳು ಬೋನ್ ಮ್ಯಾರೋಗೆ ಹೋಗಿ ನೆಲೆಸಿದ್ರೆ ವರ್ಷಗಟ್ಟಲೆ ಬದುಕ್ತವೆ, ಆದರೆ ಎಳೇ ವಯಸ್ಸಿನ ಮ್ಯಾರೋ ಅವುಗಳನ್ನ ಬದುಕಿಸೋ ಏಪ್ರಿಲ್ ಅನ್ನೋ ಸಿಗ್ನಲ್ ಸಾಕಷ್ಟು ಕೊಡಲ್ಲ. ಸೆಲ್ ಹುಟ್ಟುತ್ತೆ, ನಿಲ್ಲೋಕೆ ಜಾಗ ಇಲ್ಲ.

ಹಾಗಾಗಿ ಎರಡು ಡೋಸ್ ಅನ್ನೋದು ಮಗು ಚಿಕ್ಕದು ಅಂತ ಅಲ್ಲ, ಮಗುವಿನ ಇಮ್ಯೂನ್ ಸಿಸ್ಟಮ್ ಕಲಿಯೋಕೆ ಸಿದ್ಧ ಇದೆ ಆದರೆ ಕಲಿತದ್ದನ್ನ ರಕ್ತದಲ್ಲಿ ಇಟ್ಕೊಂಡಿರೋಕೆ ಸಿದ್ಧ ಇಲ್ಲ ಅಂತ.

ಈಗ ಕ್ಯಾಲೆಂಡರ್. ಮೂರು ತಿಂಗಳ ಅಂತರ ಅಂದ್ರೆ 12 ವಾರ, ಇವರು ಹೊರಡೋದು 11ಕ್ಕೆ. ಒಂದೇ ವಾರ ಕಮ್ಮಿ. ಅಮ್ಮ ಕೇಳಿದ್ರು, ಹಾಗಾದ್ರೆ ನಾಲ್ಕು ವಾರಕ್ಕೇ ಹಾಕಿಬಿಡಿ, ಬೇಗ ಆದ್ರೆ ಒಳ್ಳೇದಲ್ವಾ. ಅಲ್ಲ. ಜರ್ಮಿನಲ್ ಸೆಂಟರ್ ಕೆಲಸ ಮುಗಿಸಿ ಒಳ್ಳೇ ಮೆಮೊರಿ ಸೆಲ್ ತಯಾರಾಗೋಕೆ ಟೈಮ್ ಬೇಕು, ಅದಕ್ಕೆ ಮೊದಲೇ ಎರಡನೇದು ಚುಚ್ಚಿದ್ರೆ ಏಳೋಕೆ ಪಕ್ವವಾದ ಸೆಲ್ ಕಮ್ಮಿ ಇರ್ತವೆ, ಬೂಸ್ಟ್ ಸಪ್ಪೆ ಆಗುತ್ತೆ. ಅಮೆರಿಕದ ಲಸಿಕೆ ಸಮಿತಿ ಎಸಿಐಪಿ ಈ ಲಸಿಕೆಗೆ ಈ ವಯಸ್ಸಲ್ಲಿ 12 ವಾರ ಅಂತರ ಇಟ್ಟು, ಪ್ರಯಾಣ ಇರೋ ಮಕ್ಕಳಿಗೆ ಮಾತ್ರ 8 ವಾರಕ್ಕೂ ಕೊಡಬಹುದು ಅಂತ ಅವಕಾಶ ಕೊಟ್ಟಿತ್ತು. ನಾನು ಹಿಡಿದಿದ್ದು ಅದನ್ನೇ. ಇವತ್ತು ಒಂದು, 8 ವಾರಕ್ಕೆ ಇನ್ನೊಂದು, ಆಮೇಲೆ ಹೊರಡೋಕೆ ಇನ್ನೂ 3 ವಾರ, ಎರಡನೇ ಡೋಸ್‌ನ ಆ್ಯಂಟಿಬಾಡಿ ಏರೋಕೆ ಅಷ್ಟು ಧಾರಾಳ. 9 ವಾರ 10 ವಾರಕ್ಕೆ ಎಳೀಬಹುದಿತ್ತು, ಎಳೀಲಿಲ್ಲ, ಯಾಕಂದ್ರೆ ಮಗುಗೆ ಆ ವಾರ ಜ್ವರನೋ ಭೇದಿನೋ ಬಂದು ಮುಂದೂಡಬೇಕಾಗಿ ಬಂದ್ರೆ ಜಾಗ ಇರಬೇಕು.

ಇನ್ನೊಂದು ತೊಡಕು ಇತ್ತು, ಇದು ಎಲ್ಲರಿಗೂ ಗೊತ್ತಿರಲ್ಲ. ಒಂಬತ್ತು ತಿಂಗಳಿಗೆ ಮಗುಗೆ ಎಂಆರ್ (ಮೀಸಲ್ಸ್ ಅಂದ್ರೆ ದಡಾರ, ಮತ್ತೆ ರುಬೆಲ್ಲಾ ಲಸಿಕೆ), ಪೋಲಿಯೋ ಇಂಜೆಕ್ಷನ್ ಮತ್ತೆ ನ್ಯುಮೋಕಾಕಲ್ (ನ್ಯುಮೋನಿಯಾ ತರೋ ಬ್ಯಾಕ್ಟೀರಿಯಾದ ಲಸಿಕೆ) ಅಂದ್ರೆ ಪಿಸಿವಿ ಬೂಸ್ಟರ್ ಮೂರೂ ಡ್ಯೂ. ಮೊದಲಿನದೆಲ್ಲ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಒಂದೂ ತಪ್ಪದೇ ಆಗಿತ್ತು, ಕಾರ್ಡ್ ನೀಟಾಗಿತ್ತು. ಪಿಸಿವಿನೂ ಕಾಂಜುಗೇಟ್ ಲಸಿಕೆನೇ, ಅದರಲ್ಲೂ ಸಕ್ಕರೆಗಳು ಡಿಫ್ತೀರಿಯಾ ಸಂಬಂಧಿ ಪ್ರೊಟೀನ್‌ಗೆ ಅಂಟಿರ್ತವೆ. ಡಿಫ್ತೀರಿಯಾ ಟಾಕ್ಸಾಯ್ಡ್ ಇರೋ ಮೆನಿಂಜೊಕಾಕಲ್ ಲಸಿಕೆ ಜೊತೆಗೇ ಪಿಸಿವಿ ಕೊಟ್ಟಾಗ ಕೆಲವು ನ್ಯುಮೋಕಾಕಲ್ ಟೈಪ್‌ಗಳಿಗೆ ಆ್ಯಂಟಿಬಾಡಿ ಸ್ವಲ್ಪ ಕಮ್ಮಿ ಬಂದಿದ್ದು ಟ್ರಯಲ್‌ನಲ್ಲಿ ಕಂಡಿದೆ. ಸ್ಪ್ಲೀನ್ ಇಲ್ಲದ ಮಕ್ಕಳಲ್ಲಿ ಇವೆರಡನ್ನ ಕನಿಷ್ಠ 4 ವಾರ ದೂರ ಇಡಲೇಬೇಕು ಅಂತ ನಿಯಮ. ಆರೋಗ್ಯವಂತ ಮಗುಗೆ ಆ ಕಡ್ಡಾಯ ಇಲ್ಲ, ಒಂದೇ ದಿನ ಕೊಟ್ಟಿದ್ರೂ ಯಾರೂ ತಪ್ಪು ಅಂತಿರಲಿಲ್ಲ. ಆದರೆ ನಮಗೆ ಕ್ಯಾಲೆಂಡರ್‌ನಲ್ಲಿ ಜಾಗ ಇತ್ತು. ಹಾಗಾಗಿ ಮೊದಲ ದಿನ ಮೆನಿಂಜೊಕಾಕಲ್, ಎಂಆರ್, ಪೋಲಿಯೋ. ನಾಲ್ಕು ವಾರಕ್ಕೆ ಪಿಸಿವಿ ಬೂಸ್ಟರ್. ಎಂಟು ವಾರಕ್ಕೆ ಮೆನಿಂಜೊಕಾಕಲ್ ಎರಡನೇದು. ಎಂಆರ್ ಮುಂದೂಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಅಷ್ಟು ಜನ ಸೇರೋ ಕಡೆ ಹೋಗೋ ಮಗುಗೆ ಮೆನಿಂಜೊಕಾಕಸ್‌ಗಿಂತ ಮೀಸಲ್ಸ್ ಸಿಗೋ ಚಾನ್ಸ್ ಬಹಳ ಜಾಸ್ತಿ. ಪಿಸಿವಿ ನಾಲ್ಕು ವಾರ ತಡ ಆದ್ರೆ ನಡೆಯುತ್ತೆ, ಆರು ಮತ್ತು ಹದಿನಾಲ್ಕು ವಾರದ ಡೋಸ್ ಎರಡೂ ಒಳಗಿದ್ದವು.

ದೊಡ್ಡವರ ಲಸಿಕೆ ಬಗ್ಗೆ ಒಂದೇ ಮಾತು. ಮನೆಯವರೆಲ್ಲ ಕಾಂಜುಗೇಟ್ ಲಸಿಕೆನೇ ಹಾಕಿಸ್ಕೊಳ್ಳಿ ಅಂದೆ, ಅದಕ್ಕೆ ಗಂಟಲಲ್ಲಿ ಬ್ಯಾಕ್ಟೀರಿಯಾ ಕೂರೋದನ್ನ ತಗ್ಗಿಸೋ ಶಕ್ತಿ ಇದೆ, ಬರೀ ಸಕ್ಕರೆ ಲಸಿಕೆಗೆ ಅದು ಹೆಚ್ಚುಕಡಿಮೆ ಇಲ್ಲ. ಮಗೂನ ಎತ್ಕೊಂಡು ಮುದ್ದು ಮಾಡೋರು ಇವರೇ ಅಲ್ವಾ.

ಮೊದಲ ದಿನ ಅರ್ಧ ಎಂಎಲ್ ಲಸಿಕೆ ತೊಡೆಯ ಹೊರಭಾಗದ ಸ್ನಾಯುವಿಗೆ ಹೋಯ್ತು, ಎಂಆರ್ ತೋಳಿಗೆ. ಅಪ್ಪ ಆಗಲೇ ಪ್ಯಾರಾಸಿಟಮಾಲ್ ಡ್ರಾಪ್ಸ್ ಬಾಟಲಿ ಕೈಯಲ್ಲಿ ಹಿಡ್ಕೊಂಡಿದ್ರು, ಜ್ವರ ಬರೋಕೆ ಮೊದಲೇ ಕೊಡಲಾ ಅಂತ. ಬೆಂಗಳೂರಲ್ಲಿ ಇದು ಮನೆಮನೆ ಅಭ್ಯಾಸ. ಬೇಡ ಅಂದೆ. 2009ರಲ್ಲಿ ರೋಮನ್ ಪ್ರಿಮುಲಾ ಅವರ ತಂಡ ಲಾನ್ಸೆಟ್‌ನಲ್ಲಿ ತೋರಿಸಿದ್ದು, ಎಳೇ ಮಕ್ಕಳಿಗೆ ಲಸಿಕೆ ಹೊತ್ತಲ್ಲೇ ಮುಂಜಾಗ್ರತೆಗೆ ಪ್ಯಾರಾಸಿಟಮಾಲ್ ಕೊಟ್ರೆ ಜ್ವರ ಕಮ್ಮಿ ಆಗುತ್ತೆ, ಜೊತೆಗೆ ಕೆಲವು ಲಸಿಕೆಗಳ ಆ್ಯಂಟಿಬಾಡಿನೂ ಕಮ್ಮಿ ಆಗುತ್ತೆ ಅಂತ. ಜ್ವರ ಬಂದು ಮಗು ಒದ್ದಾಡ್ತಿದ್ರೆ ಕೊಡಿ, ಬರೋಕೆ ಮೊದಲೇ ಬೇಡ. ಇದಕ್ಕೆ ಒಂದು ದೊಡ್ಡ ಅಪವಾದ ಬಿ ಗುಂಪಿನ ಲಸಿಕೆ, ಬ್ರಿಟನ್‌ನಲ್ಲಿರೋ ನಮ್ಮವರು ಓದ್ತಿದ್ರೆ ಗೊಂದಲ ಆಗಬಾರದು ಅಂತ ಬರೀತಿದೀನಿ. ಬಿ ಗುಂಪಿನ ಸಕ್ಕರೆ ಹೊದಿಕೆ ನಮ್ಮ ಮಕ್ಕಳ ಮೆದುಳಿನ ಸೆಲ್ ಮೇಲಿರೋ ಸಕ್ಕರೆ ಥರನೇ ಇದೆ, ದೇಹ ಅದನ್ನ ತನ್ನದೇ ಅಂದ್ಕೊಂಡು ಆ್ಯಂಟಿಬಾಡಿ ಮಾಡಲ್ಲ, ಅದಕ್ಕೇ ಆ ಲಸಿಕೆಯನ್ನ ಪ್ರೊಟೀನ್‌ಗಳಿಂದ ಮಾಡಿದ್ರು. ಅದಕ್ಕೆ ಜ್ವರ ಜೋರಾಗಿ ಬರುತ್ತೆ, ಅಲ್ಲಿ 2015ರಿಂದ ಎಳೇ ಮಕ್ಕಳಿಗೆ ಕೊಡೋವಾಗ ಪ್ಯಾರಾಸಿಟಮಾಲ್ ಮೂರು ಡೋಸ್ ಕೊಡಿ ಅಂತಲೇ ಹೇಳ್ತಾರೆ, ಆ ಲಸಿಕೆಯ ಉತ್ತರ ಅದರಿಂದ ಕಮ್ಮಿ ಆಗಲ್ಲ ಅಂತ ನೋಡಿಯೇ ಹಾಗೆ ಮಾಡಿದ್ದು. ಮೂರು ವರ್ಷದಲ್ಲಿ ಅಲ್ಲಿ ಲಸಿಕೆಗೆ ಅರ್ಹರಾದ ಮಕ್ಕಳಲ್ಲಿ ಬಿ ಗುಂಪಿನ ಕಾಯಿಲೆ 75 ಪರ್ಸೆಂಟ್ ಇಳೀತು. ನಮ್ಮ ಮಗುಗೆ ಹಾಕಿದ ಎಸಿಡಬ್ಲ್ಯೂವೈ ಲಸಿಕೆ ಬಿ ಗುಂಪನ್ನ ತಡೆಯಲ್ಲ, ಅದನ್ನ ಅಮ್ಮನಿಗೆ ಸ್ಪಷ್ಟವಾಗಿ ಹೇಳಿದೆ.

ಅದಕ್ಕೇ ಲಸಿಕೆ ಆಯ್ತು ಅಂತ ಕಣ್ಣು ಮುಚ್ಚಬೇಡಿ ಅಂತ ಗಾಜಿನ ಲೋಟದ ಟೆಸ್ಟ್ ಹೇಳ್ಕೊಟ್ಟೆ. ಮಗುಗೆ ಜ್ವರ ಇದ್ದು ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಕಂಡ್ರೆ ಲೋಟದ ಬದಿ ಒತ್ತಿ ನೋಡಿ, ಒತ್ತಿದ್ರೂ ಚುಕ್ಕೆ ಮಾಯ ಆಗದಿದ್ರೆ ಆ ಕ್ಷಣವೇ ಎಮರ್ಜೆನ್ಸಿಗೆ ಹೊರಡಿ. ನಮ್ಮ ಕಂದು ಮೈಬಣ್ಣದಲ್ಲಿ ಬೇಗ ಕಾಣಲ್ಲ, ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆ ಒಳಗೆ ನೋಡಬೇಕು. ಪಿಜಿ ಮಾಡ್ತಿದ್ದಾಗ ನೈಟ್ ಡ್ಯೂಟಿಯಲ್ಲಿ ಒಂದು ಮಗು ಬಂದಿತ್ತು, ವರ್ಷ ದಾಟಿ ಸ್ವಲ್ಪ ಆಗಿತ್ತು ಅಷ್ಟೇ, ಬೆಳಗ್ಗೆ ಆಟ ಆಡ್ತಿತ್ತು ಅಂತ ತಾಯಿ ಹೇಳ್ತಾನೇ ಇದ್ರು, ಡ್ರಿಪ್ ಹಾಕೋಕೆ ಕೈ ಹಿಡಿದಾಗ ಮಣಿಕಟ್ಟಿನ ಹತ್ರ ಸಾಸಿವೆಯಷ್ಟಿದ್ದ ಚುಕ್ಕೆ, ಆ್ಯಂಟಿಬಯಾಟಿಕ್ ಹೋಗಿ ಮುಗಿಯೋ ಹೊತ್ತಿಗೆ ಒಂದು ರೂಪಾಯಿ ನಾಣ್ಯದಷ್ಟಾಗಿತ್ತು. ಉಳೀಲಿಲ್ಲ. ಚಿಕಿತ್ಸೆ ಸಿಕ್ಕಿದ್ರೂ ಹತ್ತರಲ್ಲಿ ಒಬ್ಬರು ಹೋಗ್ತಾರೆ, ಉಳಿದವರಲ್ಲೂ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಜನಕ್ಕೆ ಕಿವಿ ಹೋಗೋದು, ಬೆರಳು ಕಾಲು ಕತ್ತರಿಸಬೇಕಾಗೋದು ಇಂಥದ್ದು ಉಳಿಯುತ್ತೆ. ಈ ಕಾಯಿಲೆ ಅಪರೂಪ ಅಂತ ಹೇಳೋವಾಗ ನನಗೆ ಆ ಮಣಿಕಟ್ಟು ನೆನಪಾಗುತ್ತೆ, ಆದರೂ ಅಪರೂಪ ಅನ್ನೋದು ನಿಜನೇ, ಅದನ್ನೂ ಹೇಳಬೇಕು. 2005ರಲ್ಲಿ ದೆಹಲಿಯಲ್ಲಿ ಎ ಗುಂಪಿನ ಔಟ್‌ಬ್ರೇಕ್ ಆಗಿತ್ತು, ಆಮೇಲೆ ಮೇಘಾಲಯ ತ್ರಿಪುರಾ ಕಡೆ. ಭಾರತೀಯ ಮಕ್ಕಳ ತಜ್ಞರ ಸಂಘ ಐಎಪಿ ಎಲ್ಲ ಮಕ್ಕಳಿಗೂ ಇದನ್ನ ಹಾಕಿ ಅನ್ನಲ್ಲ, ಸ್ಪ್ಲೀನ್ ಇಲ್ಲದವರು, ಕಾಂಪ್ಲಿಮೆಂಟ್ ಕೊರತೆ ಇರೋರು, ಎಚ್‌ಐವಿ ಇರೋರು, ಔಟ್‌ಬ್ರೇಕ್ ಇರೋ ಕಡೆ, ಹಜ್‌ನಂಥ ಪ್ರಯಾಣ ಇರೋರು, ಇಂಥವರಿಗೆ ಅನ್ನುತ್ತೆ. ಎಲ್ಲೂ ಹೋಗದ ಆರೋಗ್ಯವಂತ ಮಗುಗೆ ಆ ದುಡ್ಡಲ್ಲಿ ಮೊದಲು ಫ್ಲೂ, ಟೈಫಾಯ್ಡ್ ಲಸಿಕೆ ಹಾಕಿಸಿ ಅಂತಲೇ ನಾನು ಹೇಳೋದು.

ಮುಂದೆ ಆಗಿದ್ದು ಬೇಗ ಹೇಳ್ತೀನಿ. ಮೊದಲ ಡೋಸ್ ದಿನ ಸಂಜೆ 100.4 ಜ್ವರ, ತೊಡೆ ಮೇಲೆ ಸ್ವಲ್ಪ ಕೆಂಪು, ರಾತ್ರಿ ರಚ್ಚೆ, ಮಾರನೇ ದಿನ ಸರಿಹೋಯ್ತು. ಪಿಸಿವಿ ನಾಲ್ಕನೇ ವಾರ ಸರಿಯಾಗಿ ಆಯ್ತು. ಎಂಟನೇ ವಾರ ಬಂದಾಗ ಮಗುಗೆ ಮೂಗು ಸೋರ್ತಿತ್ತು, ಜ್ವರ ಇರಲಿಲ್ಲ, ಬರೀ ನೆಗಡಿಗೆ ಲಸಿಕೆ ಮುಂದೂಡೋ ಅಗತ್ಯ ಇಲ್ಲ, ಹಾಕಿದ್ವಿ. ಉಮ್ರಾ ಮುಗಿಸ್ಕೊಂಡು ಎಲ್ಲರೂ ಆರೋಗ್ಯವಾಗಿ ಬಂದ್ರು. ಲಸಿಕೆಯಿಂದಲೇ ಅಂತ ನಾನು ಹೇಳಲ್ಲ, ಹಾಕಿಸದೇ ಹೋದ ಬಹುಪಾಲು ಮಕ್ಕಳೂ ಆರೋಗ್ಯವಾಗೇ ಬರ್ತಾರೆ. ಹದಿನೈದು ತಿಂಗಳಿಗೆ ಎಂಎಂಆರ್, ಆಮೇಲೆ ಡಿಪಿಟಿ ಬೂಸ್ಟರ್ ಎಂದಿನಂತೆ. ಈ ಎರಡು ಡೋಸ್‌ನ ಆ್ಯಂಟಿಬಾಡಿ ಮೂರು ವರ್ಷದಲ್ಲಿ ಚೆನ್ನಾಗೇ ಇಳಿದಿರುತ್ತೆ, ಹಾಗಾಗಿ ಅಪಾಯ ಮುಂದುವರೆದ್ರೆ ಮಾತ್ರ ಮೂರು ವರ್ಷಕ್ಕೆ ಒಂದು ಬೂಸ್ಟರ್ ಅಂತ ಕಾರ್ಡ್‌ನಲ್ಲಿ ಬರೆದೆ, ಮತ್ತೆ ಹೋಗೋ ಪ್ಲಾನ್ ಇಲ್ಲದಿದ್ರೆ ಬೇಡ.

ಈ ಕೇಸ್‌ಗೆ ಒಂದು ಬಾಲ ಇದೆ. ಅಪ್ಪನ ಅಣ್ಣಂಗೂ ಒಂದು ಮಗು, ಆಗ ನಾಲ್ಕು ತಿಂಗಳು, ಅವರೂ ಜೊತೇಲಿ ಹೊರಟಿದ್ರು, ಅವನಿಗೂ ಹಾಕಿಬಿಡಿ ಅಂತ ಕರ್ಕೊಂಡು ಬಂದ್ರು. ನನ್ನ ಫ್ರಿಜ್‌ನಲ್ಲಿರೋ ಲಸಿಕೆ ಒಂಬತ್ತು ತಿಂಗಳ ಕೆಳಗೆ ಕೊಡೋದಲ್ಲ. ಬೇರೆ ಕಾಂಜುಗೇಟ್ ಲಸಿಕೆಗಳು ಬೇರೆ ದೇಶಗಳಲ್ಲಿ ಎರಡು ತಿಂಗಳಿಂದಲೇ ಇವೆ, ಅಮೆರಿಕದಲ್ಲಿ ಸಿಆರ್‌ಎಂ197 ಇರೋದನ್ನ ಅಪಾಯ ಇರೋ ಮಕ್ಕಳಿಗೆ 2, 4, 6, 12 ತಿಂಗಳಿಗೆ ಕೊಡ್ತಾರೆ, ನೋಡಿ ಎಷ್ಟು ಎಳೇದೋ ಅಷ್ಟು ಡೋಸ್ ಜಾಸ್ತಿ, ಕಾರಣ ಮೇಲೆ ಬರೆದದ್ದೇ. ಹನ್ನೊಂದು ವಾರದಲ್ಲಿ ನಾಲ್ಕು ಡೋಸ್ ಆಗೋ ಮಾತಲ್ಲ. ಎಂಆರ್ ಕೂಡ ಅವನಿಗೆ ಇನ್ನೂ ವಯಸ್ಸಾಗಿಲ್ಲ. ಇವನ ಪ್ರಯಾಣ ಮುಂದೂಡಿ ಅಂತ ನೇರವಾಗಿ ಹೇಳಿದೆ, ಅಣ್ಣನಿಗೆ ಬೇಜಾರಾಯ್ತು, ದುಡ್ಡು ಕಟ್ಟಾಗಿತ್ತು, ಎರಡು ದಿನ ಬಿಟ್ಟು ಫೋನ್ ಮಾಡಿ ನಾವು ಮುಂದಿನ ವರ್ಷ ಹೋಗ್ತೀವಿ ಅಂದ್ರು. ಅವನ ಕಾರ್ಡ್‌ನಲ್ಲಿ ಒಂಬತ್ತು ತಿಂಗಳಿಗೆ ಮೊದಲ ಡೋಸ್ ಮತ್ತು ಎಂಆರ್, ಹತ್ತಕ್ಕೆ ಪಿಸಿವಿ ಬೂಸ್ಟರ್, ಹನ್ನೆರಡಕ್ಕೆ ಎರಡನೇದು ಅಂತ ಪೆನ್ಸಿಲ್‌ನಲ್ಲಿ ಬರೆದು ಕೊಟ್ಟಿದೀನಿ, ಇವನಿಗೆ ಪೂರ್ತಿ ಮೂರು ತಿಂಗಳ ಅಂತರ ಸಿಗುತ್ತೆ, ಆಮೇಲೆ ಟಿಕೆಟ್ ಬುಕ್ ಮಾಡಿ ಅಂತ.